ಬಿಟಿ ಬದನೆ ಕಲಿಸಿದ ಪಾಠ

ಹೊಸ ತಂತ್ರಜ್ಞಾನದ ಭವಿಷ್ಯ ಪ್ರಯೋಗಶಾಲೆಯಲ್ಲಷ್ಟೇ ನಿರ್ಧಾರವಾಗದು. 2002ರಲ್ಲಿ ಅನುಮತಿ ಪಡೆದ ಬಿಟಿ ಹತ್ತಿಯನ್ನು ರೈತರು ಇಳುವರಿ ಹಾಗೂ ಕೀಟನಾಶಕದ ಖರ್ಚಿನ ಲೆಕ್ಕದಲ್ಲಿ ಅಳೆದು ಒಪ್ಪಿಕೊಂಡರು. ಧಾರವಾಡ ಕೃಷಿ ವಿಶ್ವವಿದ್ಯಾಲಯವೂ ಪಾಲ್ಗೊಂಡಿದ್ದ ಬಿಟಿ ಬದನೆಗೆ 2009ರ ಅಕ್ಟೋಬರ್‌ನಲ್ಲಿ ಕೇಂದ್ರದ ಅನುಮೋದನಾ ಸಮಿತಿ ಸಮ್ಮತಿಸಿದರೂ, ಚರ್ಚೆ ‘ವಿದೇಶಿ ಕಂಪನಿಯೋ, ದೇಶಿ ಬೀಜವೋ’ ಎಂಬತ್ತ ಹೊರಳಿತು. ಸಮರ್ಥಕರೂ ಪ್ರಶ್ನಿಸಿದವರನ್ನು ಪ್ರಗತಿವಿರೋಧಿಗಳೆಂದರು. ಆಹಾರ ಸುರಕ್ಷತೆಯ ಮೂಲಪ್ರಶ್ನೆ ಹಿಂದೆ ಸರಿಯಿತು. ಸ್ವತಂತ್ರ ಅಧ್ಯಯನಗಳು ಸುರಕ್ಷತೆಯನ್ನು ದೃಢಪಡಿಸುವವರೆಗೆ ಎಂದು 2010ರ ಫೆಬ್ರವರಿಯಲ್ಲಿ ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ತಡೆ ವಿಧಿಸಿದರು. ನೆರೆಯ ಬಾಂಗ್ಲಾದೇಶ 2013ರಲ್ಲಿ ಅದೇ ಬೆಳೆಗೆ ಅನುಮತಿಯಿತ್ತಿತು.

ಉದ್ಯಮಿಗಳಿಗೆ ಇಲ್ಲಿ ಪಾಠವಿದೆ. ಪರೀಕ್ಷೆಯ ಅಂಕಿಅಂಶ, ಬೀಜದ ಬೆಲೆ, ಸಂಭವನೀಯ ಅಪಾಯ ಇವನ್ನು ವಿವಾದಕ್ಕೆ ಮೊದಲೇ ಜನರ ಮುಂದಿಡಬೇಕು. ಉದ್ಯಮ ಮೌನವಾಗಿ ಬಿಟ್ಟ ಜಾಗವನ್ನು ರಾಜಕೀಯ ಘೋಷಣೆಗಳು ತುಂಬುತ್ತವೆ.