ಧೂಳು ಹೀರುವ ಯಂತ್ರವೂ ಧೂಳು ಹಾರಿಸುವ ವ್ಯವಸ್ಥೆಯೂ



ಕಮಲಾಪುರದಿಂದ ಕಲಬುರಗಿಗೆ ಹೋಗಿದ್ದಾಗ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಯೊಂದರಲ್ಲಿ ವ್ಯಾಕ್ಯೂಮ್ ಕ್ಲೀನರುಗಳ ಸಾಲಿನ ಮುಂದೆ ಅರ್ಧ ಗಂಟೆ ನಿಂತಿದ್ದೆ. ನಗರದಲ್ಲಿ ನೆಲೆಸಿರುವ ಅಕ್ಕನಿಗೆ ಉಬ್ಬಸ. ಬೆಳಗ್ಗೆ ಕಸಬರಿಗೆ ಹಿಡಿದರೆ ಮಧ್ಯಾಹ್ನದವರೆಗೆ ಕೆಮ್ಮು. ಧೂಳು ಕಡಿಮೆ ಮಾಡಿ ಎಂದು ವೈದ್ಯರು ಹೇಳಿದ್ದರಿಂದ ಯಂತ್ರ ನೋಡಲು ಹೋಗಿದ್ದೆ. ಮಾರಾಟದ ಹುಡುಗ ಹೇಳಿದ್ದು ಒಂದೇ ಮಾತು: "ಇದು ಸಾವಿರದ ಆರುನೂರು ವ್ಯಾಟ್, ಇದು ಎರಡು ಸಾವಿರ ವ್ಯಾಟ್. ಹೆಚ್ಚು ವ್ಯಾಟ್, ಹೆಚ್ಚು ಶಕ್ತಿ." ಒಳಗೆ ಎಳೆದುಕೊಂಡ ಗಾಳಿ ಹೊರಗೆ ಬರುವಾಗ ಎಷ್ಟು ಧೂಳನ್ನು ಹೊತ್ತು ತರುತ್ತದೆ ಎಂದು ಕೇಳಿದೆ. ಆತನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಬರಿಗೈಯಲ್ಲಿ ಹಿಂದಿರುಗಿದೆ. ಈ ಲೇಖನ ಆ ಬರಿಗೈಯ ಸಮರ್ಥನೆ. ಅದರ ಜೊತೆಗೆ ನಮ್ಮವರೊಡನೆ ಒಂದು ಜಗಳವೂ ಹೌದು.

ಮೊದಲು ಯಂತ್ರದ ಹುಟ್ಟನ್ನು ನೋಡೋಣ. 1901ರಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಧೂಳು ಹೀರುವ ಯಂತ್ರವನ್ನು ರೂಪಿಸಿದ. ಅದನ್ನು ಕುದುರೆಗಾಡಿಯ ಮೇಲಿಟ್ಟು, ಮನೆಯ ಹೊರಗೆ ನಿಲ್ಲಿಸಿ, ಕಿಟಕಿಯೊಳಗಿಂದ ಕೊಳವೆ ತೂರಿಸಿ ಶ್ರೀಮಂತರ ರತ್ನಗಂಬಳಿಗಳನ್ನು ಶುಚಿ ಮಾಡುತ್ತಿದ್ದರು. ಅಮೆರಿಕದ ಓಹಾಯೋದಲ್ಲಿ ಅಂಗಡಿಯೊಂದರ ಜಾಡಮಾಲಿಯಾಗಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್‌ಗೂ ಉಬ್ಬಸವಿತ್ತು. ಗಂಬಳಿ ಗುಡಿಸಿದಾಗ ಏಳುವ ಧೂಳನ್ನು ತಾಳಲಾರದೆ ಆತ ಕೈಯಲ್ಲಿ ನಡೆಸಬಹುದಾದ ವಿದ್ಯುತ್ ಯಂತ್ರವನ್ನು ಕಟ್ಟಿದ. 1908ರಲ್ಲಿ ಅದರ ಹಕ್ಕು ಹೂವರ್ ಕುಟುಂಬದ ಕೈ ಸೇರಿತು. ಅಂದರೆ ಈ ಯಂತ್ರ ಒಬ್ಬ ಕಸ ಗುಡಿಸುವವನ ಉಸಿರಾಟದ ಸಂಕಟದಿಂದ ಹುಟ್ಟಿದ್ದು. ಅದನ್ನು ಹಗುರವಾಗಿ ಗೇಲಿ ಮಾಡುವ ಹಕ್ಕು ನಮಗಿಲ್ಲ. ಆದರೆ ಅದು ಗಂಬಳಿಗಾಗಿ ಹುಟ್ಟಿದ್ದು ಎಂಬುದನ್ನೂ ಮರೆಯುವಂತಿಲ್ಲ.

ನಮ್ಮ ಮನೆಗಳಲ್ಲಿ ಗಂಬಳಿ ಹಾಸಿದ ನೆಲ ಎಲ್ಲಿದೆ? ಕಲಬುರಗಿ ಸೀಮೆಯ ಮನೆಯ ನೆಲವೆಂದರೆ ಶಹಾಬಾದಿನ ಫರಸಿ. ಬೇಸಿಗೆಯಲ್ಲಿ ತಂಪು, ಒರೆಸಲು ಸುಲಭ. ಇಂಥ ನೆಲದ ನುಣ್ಣನೆಯ ಧೂಳನ್ನು ಹಿಂಡಿದ ಒದ್ದೆ ಬಟ್ಟೆಯೊಂದು ಗಾಳಿಗೆ ಏಳಗೊಡದೆ ಹಿಡಿದುಕೊಳ್ಳುತ್ತದೆ. ಅದಕ್ಕೆ ಅರ್ಧ ಬಕೆಟ್ ನೀರು ಸಾಕು. ಭೀಮಾ, ಬೆಣ್ಣೆತೊರೆಗಳ ನೀರಿಗಾಗಿ ಕಾಯುವ ನಗರದಲ್ಲಿ ಆ ಅರ್ಧ ಬಕೆಟ್ಟಿಗೂ ಬೆಲೆಯಿದೆ, ನಿಜ. ಆದರೂ ಗಂಬಳಿಯಿಲ್ಲದ ಮನೆಗೆ ಗಂಬಳಿಯ ಯಂತ್ರವನ್ನು ಮಾರುವುದು ಕೊಳ್ಳುಬಾಕ ಸಂಸ್ಕೃತಿಯ ಹಳೆಯ ಚಾಳಿ: ಮೊದಲು ಕೊರತೆಯನ್ನು ಸೃಷ್ಟಿಸು, ಅನಂತರ ಸರಕನ್ನು ತೋರಿಸು.

ಎರಡನೆಯದು ವ್ಯಾಟಿನ ಸುಳ್ಳು. ವ್ಯಾಟ್ ಎಂಬುದು ಯಂತ್ರ ತಿನ್ನುವ ವಿದ್ಯುತ್ತಿನ ಅಳತೆಯೇ ಹೊರತು ಅದು ಮಾಡುವ ಕೆಲಸದ ಅಳತೆಯಲ್ಲ. ಹೀರುವ ಬಲವನ್ನು ನಿರ್ಧರಿಸುವುದು ಗಾಳಿಯ ಹರಿವು, ಒತ್ತಡ, ಮೂತಿಯ ರಚನೆ. ಯುರೋಪಿನ ಒಕ್ಕೂಟ 2014ರ ಸೆಪ್ಟೆಂಬರಿನಿಂದ 1600 ವ್ಯಾಟ್ ಮೀರಿದ, 2017ರ ಸೆಪ್ಟೆಂಬರಿನಿಂದ 900 ವ್ಯಾಟ್ ಮುಟ್ಟಿದ ಮನೆಬಳಕೆಯ ಯಂತ್ರಗಳು ಅಲ್ಲಿನ ಮಾರುಕಟ್ಟೆಗೆ ಬರದಂತೆ ತಡೆಯಿತು. ಅಲ್ಲಿನ ಮನೆಗಳೇನೂ ಕೊಳಕಾಗಲಿಲ್ಲ. 1600 ವ್ಯಾಟಿನ ಯಂತ್ರವನ್ನು ದಿನಕ್ಕೆ 20 ನಿಮಿಷ ನಡೆಸಿದರೆ ತಿಂಗಳಿಗೆ 16 ಯೂನಿಟ್. 900 ವ್ಯಾಟಿನದಾದರೆ 9 ಯೂನಿಟ್. ಇದು ದೊಡ್ಡ ಅಂತರವಲ್ಲ ಎನ್ನುವವರು ರಾಯಚೂರಿನ ಬೂದಿಯನ್ನೂ ಶರಾವತಿಯಲ್ಲಿ ಮುಳುಗಿದ ಊರುಗಳನ್ನೂ ನೆನೆಯಲಿ. ಅಲ್ಲಿಯೂ ಲೆಕ್ಕ ಶುರುವಾದದ್ದು ಇಂಥ ಸಣ್ಣ ಸಣ್ಣ ಯೂನಿಟ್ಟುಗಳಿಂದಲೇ. ಫ್ರಿಜ್ಜಿಗೆ, ಏಸಿಗೆ ನಕ್ಷತ್ರದ ಚೀಟಿ ಅಂಟಿಸುತ್ತಾರೆ. ನಾನು ಆ ದಿನ ನೋಡಿದ ಒಂದು ಡಬ್ಬಿಯ ಮೇಲೂ ಅದು ಕಾಣಲಿಲ್ಲ.

ಮೂರನೆಯದು, ಉಬ್ಬಸದವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಕಣ್ಣಿಗೆ ಕಾಣುವ ಕಸ ಶ್ವಾಸಕೋಶವನ್ನು ಅಷ್ಟಾಗಿ ಕಾಡುವುದಿಲ್ಲ. ಆಳಕ್ಕೆ ಇಳಿಯುವುದು 2.5 ಮೈಕ್ರಾನಿಗಿಂತ ಸಣ್ಣ ಕಣ. ಸಾಧಾರಣ ಸೋಸುಬಟ್ಟೆಯ ಯಂತ್ರ ದಪ್ಪ ಕಸವನ್ನು ಇಟ್ಟುಕೊಂಡು ಈ ಕಣಗಳನ್ನು ಹಿಂಬದಿಯಿಂದ ಕೋಣೆಗೆ ಊದಿಬಿಡುತ್ತದೆ. ಹೆಪಾ ಸೋಸಕ, ಅದರಲ್ಲೂ ಎಚ್-13 ದರ್ಜೆಯದು, ಹಿಡಿಯಲು ಅತಿ ಕಷ್ಟವಾದ ಕಣಗಳಲ್ಲಿಯೂ ಶೇಕಡಾ 99.95ರಷ್ಟನ್ನು ತಡೆಯುತ್ತದೆ. ಆದರೆ ಯಂತ್ರದ ಕವಚದ ಸಂದುಗಳಲ್ಲಿ ಗಾಳಿ ಸೋರಿದರೆ ಆ ಸೋಸಕ ಬರೀ ಅಲಂಕಾರ.

ಇನ್ನು ನಮ್ಮವರೊಡನೆ ಜಗಳ. ಚಳವಳಿಯ ಗೆಳೆಯರಲ್ಲಿ ಹಲವರಿಗೆ ಈಚಲು ಗರಿಯ ಪೊರಕೆಯೇ ಪರಿಸರದ ಪರಮ ಸತ್ಯ. ಪೊರಕೆ ಕಟ್ಟುವ ಕೈಗಳಿಗೆ ಕೆಲಸ ಉಳಿಯಬೇಕು, ಪ್ಲಾಸ್ಟಿಕ್ ಹಿಡಿಯ ಪೊರಕೆ ದೂರವಾಗಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಹನ್ನೆರಡನೆಯ ಶತಮಾನದ ಸತ್ಯಕ್ಕ ಶರಣರ ಅಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡಳೆಂದು ಸಭೆಗಳಲ್ಲಿ ಹೇಳುತ್ತೇವೆ. ಆದರೆ ಒಣ ಪೊರಕೆ ನುಣ್ಣನೆಯ ಧೂಳನ್ನು ತೆಗೆಯುವುದಕ್ಕಿಂತ ಎಬ್ಬಿಸುವುದೇ ಹೆಚ್ಚು. ಆ ಧೂಳನ್ನು ಉಸಿರಾಡುವವರು ಯಾರು? ಮನೆಯೊಳಗೆ ತಾಯಿ, ಅಕ್ಕ, ಮನೆಗೆಲಸದ ಹೆಂಗಸು, ಬೀದಿಯಲ್ಲಿ ಪೌರಕಾರ್ಮಿಕರು. ಪೊರಕೆಯನ್ನು ಹಾಡಿ ಹೊಗಳುವ ಗಂಡಸರಲ್ಲಿ ಅದನ್ನು ದಿನವೂ ಹಿಡಿಯುವವರೆಷ್ಟು? ಬಗ್ಗಿದ ಬೆನ್ನನ್ನು ಸಂಸ್ಕೃತಿಯೆಂದು ಕರೆದು ಕೈ ತೊಳೆದುಕೊಳ್ಳುವುದು ಪರಿಸರವಾದವಲ್ಲ, ಸೋಮಾರಿತನ. ಯಂತ್ರ ಬೇಡವೆನ್ನುವವನು ಮೊದಲು ಒರೆಸುವ ಬಟ್ಟೆಯನ್ನು ತಾನು ಕೈಗೆತ್ತಿಕೊಳ್ಳಲಿ.

ಹಾಗಾದರೆ ಆಯ್ಕೆ ಹೇಗೆ? ಫರಸಿ ಅಥವಾ ಸಿಮೆಂಟಿನ ನೆಲವಿದ್ದು ಮನೆಯಲ್ಲಿ ಉಸಿರಾಟದ ರೋಗಿಗಳಿಲ್ಲದಿದ್ದರೆ ಯಂತ್ರ ಬೇಡ. ಒದ್ದೆ ಬಟ್ಟೆ ಸಾಕು, ಮನೆಯವರೆಲ್ಲರೂ ಸರದಿಯಲ್ಲಿ ಒರೆಸಲಿ. ರೋಗಿಯಿದ್ದು, ಹಾಸಿಗೆ, ಸೋಫಾ, ಪುಸ್ತಕದ ಕಪಾಟುಗಳ ಧೂಳು ಕಾಡುತ್ತಿದ್ದರೆ ಯಂತ್ರವನ್ನು ಕೊಳ್ಳಿರಿ, ನಾಚಿಕೆ ಬೇಡ. ಆದರೆ ವ್ಯಾಟನ್ನು ನೋಡಬೇಡಿ. ಸೋರದ ಕವಚ, ಹೆಪಾ ಸೋಸಕ, ಧೂಳನ್ನು ಮುಚ್ಚಿದಂತೆಯೇ ಎಸೆಯಬಹುದಾದ ಚೀಲ, ಇವನ್ನು ಕೇಳಿ. ಸೋಸಕವೂ ಮೋಟಾರಿನ ಕಾರ್ಬನ್ ಬ್ರಷ್ಷೂ ಐದು ವರ್ಷದ ನಂತರ ಕಲಬುರಗಿಯಲ್ಲಿಯೇ ಸಿಗುತ್ತವೆಯೇ ಎಂದು ಕೇಳಿ. ಬ್ಯಾಟರಿಯದಾದರೆ, ಬ್ಯಾಟರಿ ಸತ್ತಾಗ ಅದೊಂದನ್ನೇ ಬದಲಿಸಬಹುದೇ ಎಂದು ಕೇಳಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಉತ್ಪಾದಕರ ಹೊಣೆಯನ್ನು ಹಿಗ್ಗಿಸಿವೆ. ಕೆಟ್ಟ ಯಂತ್ರವನ್ನು ಯಾರು ಹಿಂದಕ್ಕೆ ಒಯ್ಯುತ್ತಾರೆಂದೂ ಕೇಳಿ. ಸಾಧ್ಯವಾದರೆ ನಾಲ್ಕು ಮನೆಗಳು ಸೇರಿ ಒಂದನ್ನು ಕೊಳ್ಳಿರಿ. ವಾರಕ್ಕೊಮ್ಮೆ ಬೇಕಾಗುವ ಯಂತ್ರ ಪ್ರತಿ ಅಟ್ಟದ ಮೇಲೂ ಏಕೆ ಮಲಗಿರಬೇಕು?

ಇಷ್ಟೆಲ್ಲ ಮಾಡಿದ ಮೇಲೂ ಮುಖ್ಯ ಪ್ರಶ್ನೆ ಉಳಿಯುತ್ತದೆ. ಈ ಧೂಳು ಯಾರದು? 2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮವನ್ನು ಪ್ರಕಟಿಸಿದಾಗ ಗಾಳಿಯ ಗುಣಮಟ್ಟದಲ್ಲಿ ಸೋತ ನಗರಗಳ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಇದ್ದವು: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಅಳತೆಗೋಲಾದರೂ ಎಷ್ಟು ಸಡಿಲ! 2.5 ಮೈಕ್ರಾನ್ ಕಣಗಳಿಗೆ 2009ರ ನಮ್ಮ ವಾರ್ಷಿಕ ಮಿತಿ ಘನಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 5. ಅಗೆದು ಮುಚ್ಚದ ರಸ್ತೆ, ಹೊದಿಕೆಯಿಲ್ಲದ ಮೊರಂ ಲಾರಿ, ಕಟ್ಟಡದ ಮುಂದಿನ ಮರಳಿನ ರಾಶಿ, ಸುಡುವ ಕಸ, ಡೀಸೆಲ್ ಹೊಗೆ, ಕಲ್ಲು ಕೊರೆಯುವ ಪುಡಿ: ಇವನ್ನು ಯಾವ ಕಂಪನಿಯ ಯಂತ್ರವೂ ಹೀರಲಾರದು. ನಗರಕ್ಕೆ ಬೇಕಾದ ಜಲ್ಲಿ, ಮೊರಂಗಾಗಿ ಗುಡ್ಡ ಒಡೆದಾಗ ಮೊದಲ ಧೂಳು ಗುಡ್ಡದ ಊರಿಗೆ, ಉಳಿದದ್ದು ಅಕ್ಕನ ಮನೆಗೆ. ಊರಿನ ಕೆಮ್ಮು, ನಗರದ ಕೆಮ್ಮು ಎಂದು ಬೇರೆ ಬೇರೆ ಇಲ್ಲ.

ಆದ್ದರಿಂದ ಗುಡ್ಡದ ಹಳ್ಳಿಗರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನನ್ನ ಕೋರಿಕೆ ಸಣ್ಣದು. ಹೊದಿಕೆಯಿಲ್ಲದೆ ಸಾಗುವ ಲಾರಿಗಳನ್ನು ಒಂದು ವಾರ ಎಣಿಸಿ, ದಿನಾಂಕದೊಡನೆ ಬರೆದಿಡಿ, ಗ್ರಾಮಸಭೆಯಲ್ಲಿ ಓದಿ. ಕಲಬುರಗಿಯಲ್ಲಿ ಓದುವವರು ಶುದ್ಧ ವಾಯು ಕಾರ್ಯಕ್ರಮದ ಹಣ ನಿಮ್ಮ ಬೀದಿಯಲ್ಲಿ ಏನು ಮಾಡಿತೆಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಅಕ್ಕನಿಗೆ ಕೊನೆಗೆ ಯಂತ್ರವನ್ನು ಕೊಳ್ಳುತ್ತೇನೋ ಇಲ್ಲವೋ, ಅದು ಮನೆಯ ಮಾತು. ಆದರೆ ಉಸಿರಾಡುವ ಗಾಳಿಯನ್ನು ಅಂಗಡಿಯಿಂದ ಕಂತಿನಲ್ಲಿ ಕೊಳ್ಳಬೇಕಾದ ಸ್ಥಿತಿಗೆ ನಾವು ಒಪ್ಪಿಕೊಂಡರೆ, ಅದು ಊರಿನ ಸೋಲು.