ಲಾಗ್‌ಬುಕ್ ತುಂಬಿದರೆ ಕೈ ಪಳಗಿದಂತೆಯೇ?

2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ 464 ತಾಯಂದಿರ ಸಾವು ಸಂಭವಿಸಿತು. ಅವುಗಳಲ್ಲಿ ಶೇ 70ಕ್ಕೂ ಹೆಚ್ಚು ಸಾವುಗಳನ್ನು ತಪ್ಪಿಸಬಹುದಿತ್ತು ಎಂದದ್ದು ಸರ್ಕಾರದ್ದೇ ವರದಿ. ಅದೇ ಅವಧಿಯಲ್ಲಿ ಬಳ್ಳಾರಿಯಲ್ಲಿ ಸಂಭವಿಸಿದ ಬಾಣಂತಿಯರ ಸಾವಿನ ನಂತರ ಚರ್ಚೆಯೆಲ್ಲ ರಕ್ತನಾಳಕ್ಕೆ ಹಾಕುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಸುತ್ತಲೇ ಗಿರಕಿ ಹೊಡೆಯಿತು. ಹೆರಿಗೆ ಕೋಣೆಯಲ್ಲಿ ನಡುರಾತ್ರಿ ನಿಲ್ಲುವ ಸ್ನಾತಕೋತ್ತರ (ಪಿ.ಜಿ.) ವೈದ್ಯರ ಕೈ ಎಷ್ಟು ಪಳಗಿದೆ, ಅದನ್ನು ಪಕ್ಕದಲ್ಲಿ ನಿಂತು ನೋಡಿದವರು ಯಾರು ಎಂದು ಹೆಚ್ಚಿನವರು ಕೇಳಲಿಲ್ಲ.

ಕಾಗದದ ಮೇಲೆ ಎಲ್ಲವೂ ಸರಿಯಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗ ಸ್ತ್ರೀರೋಗ ಮತ್ತು ಪ್ರಸೂತಿ ಎಂ.ಎಸ್.ಗೆ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಕೊಟ್ಟಿದೆ. ಮಾಡಿದ ಕೆಲಸ ದಾಖಲಿಸುವ ಲಾಗ್‌ಬುಕ್ ಉಂಟು, ಜಿಲ್ಲಾ ಆಸ್ಪತ್ರೆಯಲ್ಲಿ ಮೂರು ತಿಂಗಳ ರೆಸಿಡೆನ್ಸಿಯೂ ಉಂಟು. ಆದರೆ ಲಾಗ್‌ಬುಕ್ಕಿನ ಸಾಲು ಹೇಳುವುದು ಸಿಸೇರಿಯನ್ ಆಯಿತು ಎಂದಷ್ಟೇ, ಹೇಗಾಯಿತು ಎಂದಲ್ಲ. ವಾರಗಳ ಬಳಿಕ ಒಟ್ಟಿಗೆ ಬೀಳುವ ಸಹಿಗಳು ಹಾಜರಿಯ ಲೆಕ್ಕವಾದಾವು, ಕೌಶಲದ ಪುರಾವೆಯಾಗಲಾರವು.

'ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಯಂಥ ಕಡೆ ಕಲಿಕೆಗೆ ಏನು ಕೊರತೆ?' ಎನ್ನುವವರಿದ್ದಾರೆ. ನಿಜ, ಗದಗ, ಹಾವೇರಿ, ಕೊಪ್ಪಳದಿಂದ ತೊಡಕಿನ ಹೆರಿಗೆಗಳು ಅಲ್ಲಿಗೆ ಬರುತ್ತವೆ. ಆದರೆ ಕೇಸು ಹೆಚ್ಚಿದಷ್ಟೂ ಕಲಿಕೆ ತಾನಾಗಿ ಹೆಚ್ಚುವುದಿಲ್ಲ. ತಿದ್ದುವವರಿಲ್ಲದಿದ್ದರೆ ನೂರು ಸಲ ಮಾಡಿದ ತಪ್ಪೂ ಅಭ್ಯಾಸವಾಗಿಬಿಡುತ್ತದೆ.

ಹೆರಿಗೆಯ ನಂತರದ ರಕ್ತಸ್ರಾವವನ್ನೇ ನೋಡಿ. ಕಣ್ಣಂದಾಜಿನಲ್ಲಿ ರಕ್ತದ ಪ್ರಮಾಣ ಸಾಮಾನ್ಯವಾಗಿ ಕಡಿಮೆಯೇ ಕಾಣುತ್ತದೆ. ಹುಬ್ಬಳ್ಳಿಗೆ ನೆರೆಯ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ, ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆಯ ಅಧ್ಯಯನ, ಅಳತೆಗೆರೆಯಿದ್ದ ಪ್ಲಾಸ್ಟಿಕ್ ಹಾಳೆಯಲ್ಲಿ ರಕ್ತ ಹಿಡಿದು ಅಳೆಯಿತು. ಪಿ.ಜಿ. ವೈದ್ಯರು ಅಂಥ ಹಾಳೆ ಹಾಸಿದರೇ, 500 ಮಿಲಿ ದಾಟುವ ಮುನ್ನ ಎಚ್ಚೆತ್ತರೇ, ಗರ್ಭಕೋಶ ನೀವಿ ಆಕ್ಸಿಟೋಸಿನ್ ಕೊಟ್ಟರೇ, ಹಿರಿಯರನ್ನು ಕರೆದರೇ? ಇದಿಷ್ಟನ್ನೂ ಎದುರು ನಿಂತು ನೋಡಿ ಅಂಕ ಕೊಡಬಹುದು. ಥಿಯರಿ ಪತ್ರಿಕೆಯಲ್ಲಿ ಇದರ ಬಗ್ಗೆ ಚೆಂದದ ಪ್ರಬಂಧ ಬರೆದವರಿಗೆ ಇದು ಕೈಯಲ್ಲಿ ಬರುತ್ತದೆಂಬ ಖಾತರಿಯಿಲ್ಲ.

ಅಧ್ಯಾಪಕರಿಗೆ ಪುರುಸೊತ್ತೆಲ್ಲಿ ಎಂಬ ಆಕ್ಷೇಪ ಹುಸಿಯಲ್ಲ. ಹಾಗೆಂದು ಪಠ್ಯಕ್ರಮದ ಪಟ್ಟಿಯಲ್ಲಿರುವ ಎಲ್ಲವನ್ನೂ ನೋಡಬೇಕಿಲ್ಲ. ರಕ್ತಸ್ರಾವ, ಗರ್ಭಿಣಿ-ಬಾಣಂತಿಯರಿಗೆ ಬರುವ ಫಿಟ್ಸ್, ಸಿಸೇರಿಯನ್, ವ್ಯಾಕ್ಯೂಮ್ ಹೆರಿಗೆ, ಮಗುವಿನ ಭುಜ ಸಿಕ್ಕಿಕೊಳ್ಳುವುದು: ಜೀವನ್ಮರಣದ ಈ ಐದರ ನಿರ್ವಹಣೆಯನ್ನಾದರೂ ಬೇರೆ ಬೇರೆ ಅಧ್ಯಾಪಕರು ನೋಡಿ, ಕಂಡದ್ದನ್ನು ಆ ದಿನವೇ ಬರೆಯಲಿ. ಅಪರೂಪದ್ದನ್ನು ಗೊಂಬೆಯ ಮೇಲೆ ಮಾಡಿಸಲಿ. ಹೀಗೆ ನೋಡುವ ಹೊತ್ತನ್ನು ಅಧ್ಯಾಪಕರ ಡ್ಯೂಟಿಯ ಲೆಕ್ಕಕ್ಕೆ ಹಿಡಿಯಲಿ. ಸರ್ಕಾರ ಖಾಲಿ ಹುದ್ದೆ ತುಂಬಲಿ.

ಈ ಐದರಲ್ಲಿ ಒಂದು ಬಾರದಿದ್ದರೂ ಪರೀಕ್ಷೆಗೆ ಕೂರಿಸಬಾರದು. ಇನ್ನಾರು ತಿಂಗಳು ಕಲಿಸಬೇಕು. ಪಿ.ಜಿ.ಗಳಿಗೆ ಇದು ಕಠಿಣವೆನಿಸೀತು. ಕಲಿಸದೆ ಪಾಸು ಮಾಡಿ, ತಾಲ್ಲೂಕು ಆಸ್ಪತ್ರೆಗೆ ಒಂಟಿಯಾಗಿ ಕಳಿಸುವುದು ಅವರಿಗೂ ಬಾಣಂತಿಗೂ ಮಾಡುವ ಅನ್ಯಾಯ.