ಗೋಲ್ ಹೊಡೆಯದವನ ಕಥೆ

ಹೋದ ತಿಂಗಳು ಭಾನುವಾರ ಸಿರುಗುಪ್ಪಕ್ಕೆ ಅಕ್ಕನ ಮನೆಗೆ ಹೋಗಿದ್ದೆ. ಬಳ್ಳಾರಿ ಬಸ್‌ನಿಂದ ಇಳಿಯೋ ಹೊತ್ತಿಗೇ ಬಿಸಿಲು ನೆತ್ತಿ ಸುಡ್ತಿತ್ತು. ಮನೇಲಿ ಒಗ್ಗರಣೆ-ಮಿರ್ಚಿ ರೆಡಿ ಇತ್ತು, ಆದ್ರೆ ಯಾರ ಮುಖದಲ್ಲೂ ಖುಷಿ ಇರಲಿಲ್ಲ. ವಿಷಯ ಏನಪ್ಪಾ ಅಂದ್ರೆ, ಅಕ್ಕನ ಮಗ ಯಾವುದೋ ಫುಟ್‌ಬಾಲ್ ಟ್ರಯಲ್ಸ್‌ಗೆ ಹೋಗಿ ವಾಪಸ್ ಬಂದಿದ್ದ. ಸೆಲೆಕ್ಟ್ ಆಗಿರಲಿಲ್ಲ. ಕುರುಗೋಡಿನಿಂದ ಇವನ ಜೊತೆ ಹೋಗಿದ್ದ ಗೆಳೆಯ ಎರಡು ಗೋಲ್ ಹೊಡೆದು ಸೆಲೆಕ್ಟ್ ಆಗಿದ್ದ. ಆ ಎರಡೂ ಗೋಲ್‌ಗೆ ಪಾಸ್ ಕೊಟ್ಟವನು ನಮ್ಮ ಹುಡುಗ!

"ಎರಡು ವರ್ಷದಿಂದ ನೋಡಾಕತ್ತೀನಿ, ಇವ ಒಂದು ಗೋಲೂ ಹೊಡೆಯಂಗಿಲ್ಲ. ಬರೇ ಓಡ್ತಾನ, ಬಾಲ್ ಇನ್ನೊಬ್ಬರಿಗೆ ಕೊಡ್ತಾನ. ಇಂಥಾ ಆಟ ಆಡಿ ಏನ್ ಉಪಯೋಗ?" ಅಂತ ಅಕ್ಕ. ಭಾವ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಮುಂದಿನ ವರ್ಷ ಹತ್ತನೇ ಕ್ಲಾಸು. ಶೂ ಅಟ್ಟಕ್ಕೆ ಹಾಕು" ಅಂದುಬಿಟ್ರು. ಹುಡುಗ ತಟ್ಟೆ ಮುಂದೆ ತಲೆ ತಗ್ಗಿಸಿ ಕೂತಿದ್ದ. ಮಿರ್ಚಿ ಮುಟ್ಟಿರಲಿಲ್ಲ.

ಅಕ್ಕನಿಗೆ ಏನು ಹೇಳಬೇಕು ಅಂತ ಗೊತ್ತಾಗದೆ, ನನಗೆ ಗೊತ್ತಿದ್ದ ಒಬ್ಬರ ಕಥೆ ಹೇಳಿದೆ. ನಿಮಗೂ ಹೇಳ್ತೀನಿ.

ಕಾರ್ಲ್‌ಟನ್ ಚಾಪ್‌ಮನ್. ಈ ಹೆಸರು ನಮ್ಮ ವಯಸ್ಸಿನ ಎಷ್ಟು ಜನಕ್ಕೆ ಗೊತ್ತು? 1971ರಲ್ಲಿ ಬೆಂಗಳೂರಲ್ಲಿ ಹುಟ್ಟಿದ ಅಪ್ಪಟ ಮಿಡ್‌ಫೀಲ್ಡರ್, ಭಾರತ ತಂಡದ ಮಾಜಿ ಕ್ಯಾಪ್ಟನ್. ಬೆಂಗಳೂರಿನ ಮೈದಾನಗಳಲ್ಲಿ ಬೆಳೆದ ಹುಡುಗ 1990ರ ಹೊತ್ತಿಗೆ ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. 1993ರಲ್ಲಿ ಕೋಲ್ಕತ್ತಾದ ಈಸ್ಟ್ ಬೆಂಗಾಲ್. ಆ ವರ್ಷವೇ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನ ಈಸ್ಟ್ ಬೆಂಗಾಲ್ 6-2ರಿಂದ ಸೋಲಿಸಿತು. ಅದರಲ್ಲಿ ಚಾಪ್‌ಮನ್ ಅವರದ್ದೇ ಮೂರು ಗೋಲ್.

"ನೋಡು, ಅವರೂ ಗೋಲ್ ಹೊಡೆದಾರಲ್ಲ!" ಅಂತ ಅಕ್ಕ ತಕ್ಷಣ ಹಿಡಿದಳು. ಹೌದು, ಹೊಡೆದ್ರು. ಆದ್ರೆ ಜನ ಅವರನ್ನ ನೆನೆಯೋದು ಗೋಲ್‌ಗಿಂತ ಹೆಚ್ಚಾಗಿ ಪಾಸ್‌ಗಳಿಗೆ. 1995ರಲ್ಲಿ ಪಂಜಾಬಿನ ಜೆಸಿಟಿ ಸೇರಿದಾಗ ಮುಂದೆ ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಇದ್ದರು. ಗೋಲ್ ಹೊಡೆದು ಪೇಪರ್‌ನಲ್ಲಿ ಫೋಟೋ ಬರುತ್ತಿದ್ದದ್ದು ಹೆಚ್ಚಾಗಿ ಅವರದ್ದು. ಅವರ ಕಾಲಿಗೆ ಬಾಲ್ ತಲುಪಿಸೋ ಕೆಲಸ ಮಧ್ಯದಲ್ಲಿದ್ದ ನಮ್ಮ ಬೆಂಗಳೂರಿನವರದ್ದು. 1996-97ರಲ್ಲಿ ದೇಶದ ಮೊದಲ ನ್ಯಾಷನಲ್ ಫುಟ್‌ಬಾಲ್ ಲೀಗ್ ಗೆದ್ದಿದ್ದೇ ಜೆಸಿಟಿ. ಆಮೇಲೆ ಎಫ್‌ಸಿ ಕೊಚ್ಚಿನ್, 1998ರಲ್ಲಿ ಮತ್ತೆ ಈಸ್ಟ್ ಬೆಂಗಾಲ್. 2000-01ರಲ್ಲಿ ಈಸ್ಟ್ ಬೆಂಗಾಲ್ ಮೊದಲ ಸಲ ನ್ಯಾಷನಲ್ ಲೀಗ್ ಗೆದ್ದಾಗ ಕ್ಯಾಪ್ಟನ್ ಇವರೇ. 1997ರ ಸ್ಯಾಫ್ ಕಪ್ ಗೆದ್ದ ಭಾರತ ತಂಡದಲ್ಲೂ ಇದ್ದರು.

2001ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲೇ, ಆಟ ನಿಲ್ಲಿಸಿದರು. ಅಲ್ಲಿಂದ ಕೋಚ್ ಕೆಲಸ. ಟಾಟಾ ಅಕಾಡೆಮಿ, ಶಿಲ್ಲಾಂಗ್‌ನ ರಾಯಲ್ ವಾಹಿಂಗ್ಡೋ, ಕೊನೆಗೆ ಕೋಝಿಕ್ಕೋಡ್‌ನ ಕ್ವಾರ್ಟ್ಜ್ ಎಫ್‌ಸಿ. ಆಟಗಾರನಾಗಿದ್ದಾಗ ಬಾಲ್ ಹಂಚಿದವರು, ಆಮೇಲೆ ವಿದ್ಯೆ ಹಂಚಿದರು. 2020ರ ಅಕ್ಟೋಬರ್ 12ರಂದು ಬೆಂಗಳೂರಲ್ಲಿ ಹೃದಯಾಘಾತ. ವಯಸ್ಸು ಬರೀ 49.

"ಅಯ್ಯೋ" ಅಂದಳು ಅಕ್ಕ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಮಾತು ಮುಂದುವರಿಸೋಕೆ ಅಂತ ಫೋನಿನಲ್ಲಿ ಇನ್ನೊಬ್ಬರ ಫೋಟೋ ತೋರಿಸಿದೆ. ಮೆಕ್ಸಿಕೋದ ಆಂಡ್ರೆಸ್ ಗ್ವಾರ್ಡಾಡೋ. 2006ರಿಂದ 2022ರವರೆಗೆ ಐದು ವಿಶ್ವಕಪ್ ಆಡಿದವರು. ಶುರುವಲ್ಲಿ ಎಡಗಡೆ ಅಂಚಿನಲ್ಲಿ ಸರ್ರಂತ ಓಡೋ ವಿಂಗರ್. ನೆದರ್ಲೆಂಡ್ಸ್‌ನ ಪಿಎಸ್‌ವಿ ಕ್ಲಬ್‌ಗೆ ಹೋದಾಗ ಕೋಚ್ ಅವರನ್ನ ಮೈದಾನದ ಮಧ್ಯಕ್ಕೆ ತಂದು ನಿಲ್ಲಿಸಿದರು. ವಯಸ್ಸಾದಂತೆ ಕಾಲಿನ ವೇಗ ಕಡಿಮೆ ಆಗುತ್ತೆ, ಆಟ ಓದೋ ಬುದ್ಧಿ ಹೆಚ್ಚಾಗುತ್ತೆ. ಮಧ್ಯದಲ್ಲಿ ಆಡೋನಿಗೆ ಬೇಕಾಗಿದ್ದೂ ಅದೇ. ಪಿಎಸ್‌ವಿ ಜೊತೆ ಎರಡು ಸಲ ಡಚ್ ಲೀಗ್ ಗೆದ್ದರು, ಆಮೇಲೆ ಸ್ಪೇನ್‌ನ ರಿಯಲ್ ಬೆಟಿಸ್ ಜೊತೆ 2022ರಲ್ಲಿ ಕೋಪಾ ಡೆಲ್ ರೇ ಗೆದ್ದರು. ನಿವೃತ್ತಿ ಆಗಿದ್ದು 2024ರಲ್ಲಿ, 38ನೇ ವಯಸ್ಸಿಗೆ.

ಹುಡುಗ ಅವಾಗ ಮೊದಲ ಸಲ ತಲೆ ಎತ್ತಿ ನೋಡಿದ.

ಈಗ ಭಾವನ ಪ್ರಶ್ನೆಗೆ ಬರೋಣ. ಅದನ್ನ ಸುಮ್ಮನೆ ತಳ್ಳಿಹಾಕೋಕೆ ಆಗಲ್ಲ. "ಹೊಟ್ಟೆಪಾಡಿಗೆ ಏನು?" ಫುಟ್‌ಬಾಲ್‌ನಲ್ಲಿ ದುಡ್ಡಿದೆ ಅಂತ ಕಣ್ಣುಮುಚ್ಚಿ ಹೇಳೋದು ಸುಳ್ಳಾಗುತ್ತೆ. 2025ರಲ್ಲಿ ಐಎಸ್‌ಎಲ್‌ನ ಒಪ್ಪಂದದ ಗೊಂದಲದಿಂದ ಸೀಸನ್ ಸಮಯಕ್ಕೆ ಶುರುವೇ ಆಗಲಿಲ್ಲ. ದೊಡ್ಡ ದೊಡ್ಡ ಆಟಗಾರರೇ ಮನೇಲಿ ಕೂತು ಕಾಯಬೇಕಾಯ್ತು. ಚಾಪ್‌ಮನ್ ಆಡಿ ಮೆರೆದ ಜೆಸಿಟಿ, ಎಫ್‌ಸಿ ಕೊಚ್ಚಿನ್ ಎರಡೂ ಕಾಲಕ್ರಮೇಣ ಬಾಗಿಲು ಹಾಕಿದವು. ಮೂವತ್ತಕ್ಕೆ ಮುಗಿಯೋ ಕೆರಿಯರ್‌ಗೆ ಇನ್ನೊಂದು ಕೈಯಲ್ಲಿ ಓದು ಇರಲೇಬೇಕು. ಇದನ್ನ ಹುಡುಗನ ಮುಂದೆಯೇ ಹೇಳಿದೆ.

ಆದ್ರೆ ಇನ್ನೊಂದು ಮಾತೂ ಹೇಳಿದೆ. ಚಾಪ್‌ಮನ್ ಕಾಲದಲ್ಲಿ ಕಲಿಯೋಕೆ ಜಮ್ಶೆಡ್‌ಪುರಕ್ಕೆ ಹೋಗಬೇಕಿತ್ತು. ಇವತ್ತು ನಮ್ಮ ಜಿಲ್ಲೆಯಲ್ಲೇ, ತೋರಣಗಲ್ಲು ಹತ್ತಿರ ವಿಜಯನಗರದಲ್ಲಿ, 2018ರಿಂದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ನೀರಜ್ ಚೋಪ್ರಾ ಕೂಡ ಅಲ್ಲಿ ಅಭ್ಯಾಸ ಮಾಡಿದವರೇ. ಬೆಂಗಳೂರು ಎಫ್‌ಸಿ ತನ್ನ ರೆಸಿಡೆನ್ಶಿಯಲ್ ಅಕಾಡೆಮಿ ಕಟ್ಟಿದ್ದೂ ಬಳ್ಳಾರಿಯ ಈ ಮಣ್ಣಲ್ಲೇ. ಅಲ್ಲಿ ಸೀಟು ಸಿಗುತ್ತೆ ಅಂತಲ್ಲ. ಆದ್ರೆ ಬಳ್ಳಾರಿ ಅಂದ್ರೆ ಗಣಿ, ಬಿಸಿಲು, ಜೀನ್ಸ್ ಅಷ್ಟೇ ಅಂತಿದ್ದ ಕಾಲ ಹೋಯ್ತು. ಟ್ರಯಲ್ಸ್ ಒಂದೇ ಇರೋದಿಲ್ಲ, ಒಂದೇ ಸಲ ಇರೋದೂ ಇಲ್ಲ.

ಅವತ್ತು ವಾಪಸ್ ಬರ್ತಾ ಬಸ್‌ನಲ್ಲಿ ನನ್ನ ಕೆಲಸದ್ದೇ ಯೋಚನೆ. ನಾನು ಬಳ್ಳಾರಿಯಲ್ಲಿ ಒಂದು ಜೀನ್ಸ್ ಯೂನಿಟ್‌ನಲ್ಲಿ ಕೆಲಸ ಮಾಡೋನು. ಕಟಿಂಗ್‌ನಿಂದ ಬಂದ ಬಟ್ಟೆ ಹೊಲಿಗೆಗೆ, ಹೊಲಿಗೆಯಿಂದ ವಾಷಿಂಗ್‌ಗೆ, ಅಲ್ಲಿಂದ ಲಾರಿಗೆ ಸರಿಯಾಗಿ ಹೋಯ್ತಾ ಅಂತ ನೋಡೋದು ನನ್ನ ಡ್ಯೂಟಿ. ಪ್ಯಾಂಟ್ ಹೊಲಿಯೋದು ನಾನಲ್ಲ, ಮಾರೋದೂ ನಾನಲ್ಲ. ವರ್ಷದ ಕೊನೆಗೆ ಇನ್‌ಕ್ರಿಮೆಂಟ್ ಮಾತು ಬಂದಾಗ "ನೀನು ಏನು ಮಾಡಿದೆ?" ಅಂತ ಕೇಳಿದರೆ ತೋರಿಸೋಕೆ ಒಂದು ಗೋಲೂ ಇಲ್ಲ. ಆದ್ರೆ ನಾನು ಎರಡು ದಿನ ರಜೆ ಹಾಕಿದರೆ ಲಾರಿ ಖಾಲಿ ನಿಲ್ಲುತ್ತೆ. ನಿಮ್ಮ ಆಫೀಸಲ್ಲೂ ಇಂಥ ಒಬ್ಬರು ಇರ್ತಾರೆ, ಅಥವಾ ಅದು ನೀವೇ ಇರಬಹುದು.

ಹೋದ ಭಾನುವಾರ ಅಕ್ಕ ಫೋನ್ ಮಾಡಿದ್ಳು. ಅವಳು ಮೊದಲ ಸಲ ಮೈದಾನಕ್ಕೆ ಹೋಗಿದ್ದಳಂತೆ, ಹಾಲಿನ ಲೆಕ್ಕ ಬರೆಯೋ ನೋಟ್‌ಬುಕ್ ಕೈಯಲ್ಲಿ ಹಿಡಕೊಂಡು. ಮಗ ಬಾಲ್ ಸರಿಯಾಗಿ ಕೊಟ್ಟಾಗೆಲ್ಲ ಒಂದು ಗೀಟು. "ಮೂವತ್ತೊಂದು ಆತು ನೋಡು. ತಪ್ಪಿದ್ದು ಆರು. ಆ ಆರು ಯಾಕ ತಪ್ಪಿದವು ಅಂತ ಮನಿಗೆ ಬಂದಮ್ಯಾಲ ಕೇಳೀನಿ" ಅಂದಳು. ಭಾವ ಇನ್ನೂ ಪೂರ್ತಿ ಒಪ್ಪಿಲ್ಲ. ಹತ್ತನೇ ಕ್ಲಾಸಲ್ಲಿ ಮಾರ್ಕ್ಸ್ ಬಿದ್ದರೆ ಆಟ ಬಂದ್ ಅನ್ನೋ ಷರತ್ತು ಹಾಕಿದಾರೆ. ನ್ಯಾಯವಾದ ಷರತ್ತೇ ಅದು. ಶೂ ಮಾತ್ರ ಇನ್ನೂ ಅಟ್ಟಕ್ಕೆ ಹೋಗಿಲ್ಲ.

ನಿಮ್ಮ ಮನೇಲೋ ಆಫೀಸಲ್ಲೋ ಗೋಲ್ ಹೊಡೆಯದೆ ಪಾಸ್ ಕೊಡ್ತಾ ಇರೋರು ಯಾರಿದ್ದಾರೆ? ಈ ವಾರ ಒಂದು ಗೀಟು ಅವರ ಹೆಸರಲ್ಲೂ ಹಾಕಿ. ಮತ್ತೆ ಸಿಗೋಣ.